ಬೀಟ್ ಹೊಲಕ್ಕೆ ಉಪ್ಪು ಹಾಕಿದ ಚಾಚಾ

ಮೊನ್ನೆ ಜಗಳೂರಿನ ಕಿರಾಣಿ ಅಂಗಡಿಯಲ್ಲಿ ಕಲ್ಲುಪ್ಪಿನ ಮೂಟೆ ಬಿಚ್ಚಿದಾಗ ಒದ್ದೆ ಗೋಣಿಯ ವಾಸನೆ ಮೂಗಿಗೆ ಬಡಿಯಿತು. ಸಾಸ್ವೆಹಳ್ಳಿಯ ಗೊಬ್ಬರದಂಗಡಿ ಚಾಚಾ ನೆನಪಾದರು...

ಆಗ ನಾನು ಹೊನ್ನಾಳಿಯಲ್ಲಿ ಮಣ್ಣು ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಸಾಸ್ವೆಹಳ್ಳಿಯಲ್ಲಿ ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಚಾಚಾ ಎಲ್ಲಿಂದಲೋ ಸಕ್ಕರೆ ತೆಗೆಯುವ ಬಿಳಿ ಬೀಟ್‌ರೂಟಿನ ಬೀಜ ತರಿಸಿದ್ದರು. ಒಂದು ಬೆಳಿಗ್ಗೆ ನೋಡಿದರೆ, ಬಿತ್ತುವ ನೆಲಕ್ಕೆ ಬೊಗಸೆ ಬೊಗಸೆ ಉಪ್ಪು ಎರಚುತ್ತಿದ್ದರು. ನೆಲ ಕೆಡುತ್ತದೆ ಎಂದು ಓಡಿಹೋಗಿ ತಡೆದೆ.

“ಈ ಗಿಡದ ತವರು ಸಮುದ್ರದ ದಂಡೆ ಕಣಮ್ಮ. ಪೊಟ್ಯಾಷ್ ಗೊಬ್ಬರ ಮಾಡೋ ಕೆಲಸ ಒಂದಿಷ್ಟು ಉಪ್ಪೇ ಮಾಡತೈತೆ. ಬೀಟಿಗೆ ಮಾತ್ರ, ಅದೂ ಹಿಂಗೆ ಹಗುರ ನೆಲದಾಗೆ,” ಅಂದರು.

ನಾನು ನಂಬಲಿಲ್ಲ, ಹಟ ಹಿಡಿದು ಒಂದು ಸಾಲನ್ನು ಉಪ್ಪಿಲ್ಲದೆ ಬಿಡಿಸಿದೆ. ಎರಡು ತಿಂಗಳಾದ ಮೇಲೆ ಉಪ್ಪು ಹಾಕಿದ ಸಾಲಿನ ಎಲೆ ಕಿತ್ತು ಪರೀಕ್ಷಿಸಿದೆ. ಉಪ್ಪಿನ ಸೋಡಿಯಂ ಏರಿತ್ತು, ಪೊಟ್ಯಾಷ್ ಇಳಿದಿತ್ತು. ಆದರೂ ಮಧ್ಯಾಹ್ನದ ಬಿಸಿಲಿಗೆ ಉಪ್ಪಿಲ್ಲದ ಸಾಲು ಜೋತುಬಿದ್ದರೆ, ಉಪ್ಪುಂಡ ಸಾಲು ನೆಟ್ಟಗೆ ನಿಂತಿತ್ತು. ಗಡ್ಡೆಯೂ ದಪ್ಪ. ಓದಿದವಳು ನಾನು, ಬೆಪ್ಪಾಗಿ ನಿಂತೆ.

ಆ ಹುಮ್ಮಸ್ಸಿನಲ್ಲಿ ಬಿಳಿಚೋಡಿನ ನಮ್ಮಣ್ಣನಿಗೆ ಫೋನು ಮಾಡಿದೆ. ಚಾಚಾ ಹೇಳಿದ್ದಾರೆ, ಯಾವ ಬೆಳೆಗಾದರೂ ಉಪ್ಪು ಹಾಕಬಹುದು ಎಂದುಬಿಟ್ಟೆ. ಅಣ್ಣ ಶೇಂಗಾ ಹೊಲಕ್ಕೆ ಹಾಕಿದ. ಎಲೆಯಂಚು ಸುಟ್ಟಿತು, ಕಪ್ಪು ನೆಲ ಹೆಂಟೆಗಟ್ಟಿತು...

ಸುದ್ದಿ ತಿಳಿದ ಚಾಚಾ ನನ್ನ ಜೊತೆ ಬಸ್ಸಿನಲ್ಲಿ ಬಿಳಿಚೋಡಿಗೆ ಬಂದರು. ಹೊಲದಲ್ಲಿ ಕೂತು ಮಣ್ಣು ಹಿಚುಕಿ ನೋಡಿದರು. ಅಣ್ಣನಿಗೆ ಸಿಟ್ಟು ತಡೆಯಲಿಲ್ಲ.

“ಎಲ್ಲಾ ಬೆಳೆಗೂ ಆಗತೈತೆ ಅಂತ ನೀವೇ ಅಂದಿದ್ರಂತಲ್ರೀ?”

ಚಾಚಾ ಒಮ್ಮೆ ನನ್ನ ಕಡೆ ನೋಡಿದರು.

“ಹೌದಪ್ಪ, ನಾನೇ ಅಂದಿದ್ದೆ. ತಪ್ಪಾತು.”

ಆಗ ನಾನು ಬಾಯಿ ತೆರೆಯಬೇಕಿತ್ತು... ತೆರೆಯಲಿಲ್ಲ. ಚಾಚಾ ಎಂಟು ದಿನ ಅಲ್ಲೇ ಉಳಿದು, ಉಪ್ಪು ತೊಳೆದುಹೋಗಲಿ ಎಂದು ಅಣ್ಣನ ಜೊತೆ ಜಿಪ್ಸಂ ಹರಡಿ ನೀರು ಹಾಯಿಸಿದರು. ಆಮೇಲೆ ಆ ಮಾತನ್ನು ನನ್ನ ಹತ್ತಿರವೂ ಎತ್ತಲಿಲ್ಲ. ಅಷ್ಟರಲ್ಲಿ ನನಗೆ ವರ್ಗವಾಯಿತು.

ನಿನ್ನೆ ಅಣ್ಣನನ್ನು ಕರೆದುಕೊಂಡು ಸಾಸ್ವೆಹಳ್ಳಿಗೆ ಹೋದೆ, ಇಬ್ಬರ ಎದುರಿಗೂ ಹೇಳಿಬಿಡೋಣ ಎಂದು. ಬಾಗಿಲಿಗೆ ಬಂದ ಅವರ ಮಗಳು, ಅಬ್ಬಾ ತೀರಿಹೋಗಿ ಎರಡು ವರ್ಷವಾಯಿತು ಎಂದಳು. ನಿಂತಲ್ಲೇ ಅಣ್ಣನಿಗೆ ಎಲ್ಲ ಹೇಳಿದೆ.

“ಸಾಯೋತನಕ ಆ ಮನುಷ್ಯಗೆ ನಾನು ಒಂದು ಒಳ್ಳೆ ಮಾತು ಆಡಲಿಲ್ಲ,” ಎಂದ.

ನಾನೂ ಆಡಿರಲಿಲ್ಲ.