ಅತ್ತೆ ಕಮಿಟಿಗೆ ರಾಜೀನಾಮೆ ಕೊಟ್ಟದ್ದು

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಸ್ವೀಡನ್ ದೇಶ ನೆನಪಾಗುತ್ತದೆ. ನಗಬೇಡಿ. ಆ ದೇಶವನ್ನು ನಾನು ಕಂಡವಳಲ್ಲ. ಹೊಸೂರಿನಿಂದ ಒಂದು ಕಡೆಗೆ ತವರೂರು ತಳಿ, ಇನ್ನೊಂದು ಕಡೆಗೆ ಕೃಷ್ಣಗಿರಿ, ಇಷ್ಟಕ್ಕೆ ನನ್ನ ಲೋಕಸಂಚಾರ ಮುಗಿಯಿತು. ಆದರೂ ಮೊನ್ನೆ ಬೆಳಿಗ್ಗೆ ಅತ್ತೆ ಚಳಿಯೆಂದು ಬೀರುವಿನಿಂದ ತಮ್ಮ ಕಂದು ಶಾಲು ತೆಗೆಸಿದಾಗ, ಅದನ್ನು ಕೊಡವಿದ ಕೂಡಲೇ ಸ್ವೀಡನ್ ಬಂದು ಮೂಗಿಗೆ ಬಡಿಯಿತು. ಅಕ್ಟೋಬರ್ ತಿಂಗಳು ಬೇರೆ. ಯಾರಿಗೋ ನೊಬೆಲ್ ಬಹುಮಾನ ಬಂದ ಸುದ್ದಿಯನ್ನು ನೆಂಟರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು. ಓದಿ ಹೇಳಿದೆ.

"ನಮ್ಮೋರು ಯಾರಾದ್ರೂ ಅವ್ರಾ?" ಎಂದು ಕೇಳಿದರು ಅತ್ತೆ.

"ಇಲ್ಲ ಅತ್ತೆ."

"ಹೋಗ್ಲಿ ಬುಡು. ನಂಗೆ ಬಂದೈತಲ್ಲ," ಎಂದು ಶಾಲು ಹೊದ್ದುಕೊಂಡು ಬಿಸಿಲಿಗೆ ಕುಳಿತರು.

ನಮ್ಮತ್ತೆಗೆ ಅರಳುಮರಳು ಎಂದುಕೊಳ್ಳಬೇಡಿ. ಅವರು ಹೇಳಿದ್ದು ಮುಕ್ಕಾಲು ಪಾಲು ನಿಜ. ಅದನ್ನು ಹೇಳಬೇಕಾದರೆ ಮೊದಲು ನಮ್ಮ ಮಾವನವರ ಕಥೆ ಹೇಳಬೇಕು.

ಮಾವ ಕನ್ನಡ ಮಾಧ್ಯಮದಲ್ಲಿ ಲೆಕ್ಕ ಹೇಳಿಕೊಡುತ್ತಿದ್ದ ಮೇಷ್ಟ್ರು. ಹೊಸೂರಿಗೆ ವರ್ಗವಾಗುವ ಮೊದಲು ಕೃಷ್ಣಗಿರಿ ಕಡೆ ಒಂದು ಬಂಡೆಗುಡ್ಡದ ಬುಡದ ಶಾಲೆಯಲ್ಲಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಸರಿಯಾಗಿ ಗುಡ್ಡದಲ್ಲಿ ಮದ್ದು ಸಿಡಿಸುತ್ತಿದ್ದರಂತೆ. ಕಿಟಕಿ ಗಡಗಡ ಎನ್ನುವುದೇ ಊಟದ ಬೆಲ್ಲು. ಒಂದು ದಿನ ಮಾವ ಆ ಸದ್ದನ್ನೇ ಪಾಠ ಮಾಡಿದರು. ಈ ಮದ್ದನ್ನು ಕಂಡುಹಿಡಿದವನು ಸ್ವೀಡನ್ನಿನವನು, ಅದರಿಂದ ಕೋಟಿಗಟ್ಟಲೆ ಗಳಿಸಿ, ಜನಕ್ಕೆ ಉಪಕಾರವಾಗುವ ಹಾಗೆ ತಲೆ ಓಡಿಸಿದವರಿಗೆ ವರ್ಷಕ್ಕೊಮ್ಮೆ ಬಹುಮಾನ ಕೊಡಿ ಎಂದು ಬರೆದಿಟ್ಟು ಹೋದ, ಎಂದರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು, "ಸಾರ್, ಹಂಗಾದ್ರೆ ನಮ್ಮಪ್ಪಂಗೂ ಕೊಡ್ತಾರಾ? ದಿನಾ ಅವ್ನೇ ಮದ್ದಿಡಾದು," ಎಂದಳಂತೆ. ಆ ಅಪ್ಪ ಇದನ್ನು ಕೇಳಿ ಸಂತೋಷಪಟ್ಟು, ಮೇಷ್ಟ್ರಿಗೆ ಮುಷ್ಟಿಗಾತ್ರದ ಗುಲಾಬಿ ಬಣ್ಣದ ಕಲ್ಲೊಂದನ್ನು ಒಂದು ಮುಖ ನುಣ್ಣಗೆ ಹೊಳಪು ಕೊಟ್ಟು ತಂದುಕೊಟ್ಟ. ಪರೀಕ್ಷೆ ಪೇಪರು ಹಾರದ ಹಾಗೆ ಇಡಲು ಮಾವ ಅದನ್ನು ವರ್ಷಗಟ್ಟಲೆ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಒಂದು ದಿನ ಅದು ಕಾಣೆಯಾಯಿತು. ಈ ಕಲ್ಲನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

ಆ ಸ್ವೀಡನ್ನಿನವನ ಬಗ್ಗೆ ಒಂದು ಕಥೆಯುಂಟು. ಅವನು ಬದುಕಿರುವಾಗಲೇ ಸತ್ತನೆಂದು ಪೇಪರಿನಲ್ಲಿ ತಪ್ಪಾಗಿ ಅಚ್ಚಾಯಿತಂತೆ, ತನ್ನನ್ನು ಜನ ಸಾವಿನ ವ್ಯಾಪಾರಿ ಎಂದು ಬೈದದ್ದನ್ನು ತಾನೇ ಓದಿ ಮನಸ್ಸು ಬದಲಾಯಿಸಿದನಂತೆ. ನಿಜವೋ ಕಟ್ಟುಕಥೆಯೋ ಮಾವನಿಗೂ ಖಚಿತವಿರಲಿಲ್ಲ. ಆದರೂ ಆ ಕಥೆಯೆಂದರೆ ಅವರಿಗೆ ಪ್ರಾಣ. "ಸತ್ತ ಮೇಲೆ ನಮ್ಮನ್ನ ಏನಂತಾರೆ ಅಂತ ಬದುಕಿದ್ದಾಗ್ಲೇ ಗೊತ್ತಾಗ್ಬುಟ್ರೆ ಎಲ್ರೂ ಒಳ್ಳೇರಾಗ್ತಾರೆ ಕಣಮ್ಮ," ಎಂದು ನನಗೆ ಹೇಳುತ್ತಿದ್ದರು.

ಇಷ್ಟು ಪ್ರೀತಿಯಿದ್ದರೂ ಆ ಬಹುಮಾನದ ಮೇಲೆ ಮಾವನಿಗೆ ಒಂದು ತೀರದ ಸಿಟ್ಟಿತ್ತು. ಅದರಲ್ಲಿ ಲೆಕ್ಕಕ್ಕೆ ಬಹುಮಾನವಿಲ್ಲ! ಪದಾರ್ಥ ವಿಜ್ಞಾನಕ್ಕುಂಟು, ರಸಾಯನಕ್ಕುಂಟು, ವೈದ್ಯಕ್ಕುಂಟು, ಕಥೆ ಬರೆದವರಿಗುಂಟು, ಜಗಳ ಬಿಡಿಸಿದವರಿಗೂ ಉಂಟು. ಲೆಕ್ಕದವರಿಗೆ ಬೇರೆ ಯಾರೋ ಒಂದು ಪದಕ ಇಟ್ಟಿದ್ದಾರೆ, ಅದನ್ನೋ ನಲವತ್ತು ದಾಟಿದವರಿಗೆ ಕೊಡುವುದಿಲ್ಲ. "ನಂಗೆ ಗೊತ್ತಾಗೋ ಹೊತ್ಗೆ ವಯಸ್ಸು ಮೀರೋಗಿತ್ತು," ಎಂದು ಮಾವ ನಿಟ್ಟುಸಿರು ಬಿಟ್ಟರೆ ಅತ್ತೆ ಒಳಗಿನಿಂದಲೇ, "ಇಲ್ದಿದ್ರೆ ಮನೆ ಬಾಗ್ಲಿಗೇ ತಂದು ಕೊಟ್ಬುಟ್ಟು ಹೋಗ್ತಿದ್ರು!" ಎನ್ನುತ್ತಿದ್ದರು.

ರಿಟೈರಾದ ಮೇಲೆ ಮಾವ ತಾವೇ ಒಂದು ಬಹುಮಾನ ಹುಟ್ಟುಹಾಕಿದರು. ನಮ್ಮ ಬೀದಿಗೆ ಮಾತ್ರ. ಜನಕ್ಕೆ ಉಪಕಾರವಾಗುವ ಹಾಗೆ ತಲೆ ಓಡಿಸಿದ ಒಬ್ಬರಿಗೆ ವರ್ಷಕ್ಕೊಂದು ಶಾಲು, ಒಂದು ಹೂವಿನ ಹಾರ, ಎಲೆ ತುಂಬ ಒಬ್ಬಟ್ಟು. ನಿಯಮಗಳನ್ನೆಲ್ಲ ಸ್ವೀಡನ್ನಿನಿಂದಲೇ ತಂದಿದ್ದರು. ತನ್ನ ಹೆಸರನ್ನು ತಾನೇ ಹೇಳಿಕೊಂಡರೆ ಆ ಹೆಸರು ಬಿತ್ತು. ಸತ್ತವರಿಗೆ ಕೊಡುವಂತಿಲ್ಲ. ಯಾರ ಹೆಸರನ್ನು ಯಾರು ಹೇಳಿದರು ಎಂಬುದನ್ನು ಐವತ್ತು ವರ್ಷ ಬಾಯಿ ಬಿಡುವಂತಿಲ್ಲ. ಗೆದ್ದವರ ಮನೆಗೆ ಅಧ್ಯಕ್ಷರೇ ಹೋಗಿ ಕದ ತಟ್ಟಿ ತಿಳಿಸಬೇಕು. ಇದರ ಜೊತೆಗೆ ಮಾವನದೇ ಒಂದು ನಿಯಮ, ಕಮಿಟಿಯವರಿಗೆ ಬಹುಮಾನವಿಲ್ಲ. ಕಮಿಟಿಯೆಂದರೆ ಮಾವ ಅಧ್ಯಕ್ಷರು, ಅತ್ತೆ ಒಬ್ಬರು, ಬೀದಿಯ ಕೆಳತುದಿಯಲ್ಲಿ ಹೂವಿನಂಗಡಿ ಇಟ್ಟಿದ್ದ ರತ್ನಮ್ಮ ಒಬ್ಬರು. ರತ್ನಮ್ಮನ ಮನೆಮಾತು ತೆಲುಗು, ವ್ಯಾಪಾರ ತಮಿಳಿನಲ್ಲಿ, ಜಗಳ ಕನ್ನಡದಲ್ಲಿ.

ಮೊದಲ ವರ್ಷ ಶಾಲು ಹೋದದ್ದು ನಮ್ಮ ಬೀದಿಯ ಟೈಲರಿಗೆ. ಮಕ್ಕಳ ಯೂನಿಫಾರ್ಮಿನ ಒಳಮಡಿಕೆಯಲ್ಲಿ ಬಟ್ಟೆ ಬಿಟ್ಟು ಹೊಲಿದು, ಮಕ್ಕಳು ಬೆಳೆದ ಹಾಗೆ ಪುಕ್ಕಟೆ ಬಿಚ್ಚಿಕೊಡುತ್ತಿದ್ದ ಪುಣ್ಯಾತ್ಮ ಆತ. ಅಲ್ಲಿಂದ ಮುಂದೆ ಬೀದಿಯವರು ಅವನನ್ನು ಫ್ಯಾನು ಯಾಕೆ ತಿರುಗುವುದಿಲ್ಲ, ಹುಡುಗಿಗೆ ಯಾವ ಗಂಡು ಆಗಬಹುದು ಎಂದೆಲ್ಲ ಕೇಳತೊಡಗಿದರು. ಅವನೂ ಗಂಭೀರವಾಗಿ ಉತ್ತರ ಕೊಡತೊಡಗಿದ. ದೊಡ್ಡ ಬಹುಮಾನ ಬಂದವರಿಗೂ ಇದೇ ಗತಿಯಂತೆ, ಅಣುವಿನ ವಿಷಯ ತಿಳಿದವರನ್ನು ರಾಜಕೀಯ ಕೇಳುತ್ತಾರಂತೆ. ಏನಾದರಾಗಲಿ, ನಮ್ಮ ಬೀದಿಯಲ್ಲಿ ಜನ ತಲೆ ಓಡಿಸುವುದು ಹೆಚ್ಚಾಯಿತು. ಸುಮ್ಮನೆ ಕುಳಿತವರನ್ನು ಕಂಡರೆ, "ಏನ್ಲಾ, ಬಹುಮಾನಕ್ಕೆ ಯೋಚ್ನೆ ಮಾಡ್ತಿದ್ದೀಯಾ?" ಎನ್ನುವುದು ರೂಢಿಗೆ ಬಂತು.

ನಾನು ಸೊಸೆಯಾಗಿ ಬಂದು ಎರಡೋ ಮೂರೋ ವರ್ಷವಾಗಿತ್ತು. ಒಂದು ಸಂಜೆ ಜಗುಲಿಯಲ್ಲಿ ಕಮಿಟಿ ಕೂತಿದೆ, ನಾನು ಕಾಫಿ ತಂದಿದ್ದೇನೆ. ಅತ್ತೆ ಲೋಟ ಕೈಗೆ ತೆಗೆದುಕೊಂಡು, "ನಾನ್ ಇನ್ ಮೇಲೆ ಕಮಿಟೀಲಿ ಇರಲ್ಲ ಕಣ್ರೀ. ನನ್ ಜಾಗಕ್ಕೆ ಇವ್ಳನ್ನ ಹಾಕ್ಕೊಳ್ರಿ," ಎಂದು ಗದ್ದದಿಂದ ನನ್ನತ್ತ ತೋರಿಸಿದರು.

ಮಾವ ಗಾಬರಿಯಾದರು. "ಯಾಕೆ, ಮಂಡಿ ನೋವಾ?"

"ಮಂಡಿ ಗಟ್ಟಿಯಾಗೈತೆ."

"ಮತ್ತೆ?"

"ಮತ್ತೇನೂ ಇಲ್ಲ," ಎಂದು ಅತ್ತೆ ಲೋಟದೊಡನೆ ಒಳಗೆ ಹೋಗಿಬಿಟ್ಟರು. ರತ್ನಮ್ಮ ಮಾತ್ರ ಬಾಗಿಲ ಕಡೆ ನೋಡಿ ಸೆರಗಿನ ಮರೆಯಲ್ಲಿ ನಕ್ಕರು.

ಆಮೇಲೆ ನೋಡಿ, ಅತ್ತೆಯ ರೀತಿಯೇ ಬದಲಾಯಿತು. ಕಮಿಟಿ ಏಳುವ ಹೊತ್ತಿಗೆ ಸರಿಯಾಗಿ ಜಗುಲಿಗೆ ಬಂದು, ಇಲ್ಲದ ಕಸ ಗುಡಿಸುತ್ತ, "ಯಾರ್ ಹೆಸ್ರು ಬಂತು?" ಎಂದು ಕೇಳುವರು. "ಹೇಳಂಗಿಲ್ಲ ಅತ್ತೆ, ಐವತ್ತು ವರ್ಷ," ಎಂದರೆ, "ಓಹೋ, ಬಂದ್ಬುಟ್ಲು ದೊಡ್ಡ ಜಡ್ಜಮ್ಮ," ಎಂದು ಪೊರಕೆ ಕುಟ್ಟುವರು. ಬಹುಮಾನದ ದಿನಕ್ಕೆ ತಿಂಗಳುಗಳ ಮೊದಲೇ ತಮ್ಮ ರೇಷ್ಮೆ ಸೀರೆಗೆ ಫಾಲ್ಸು ಹಾಕಿಸಿಟ್ಟರು. ನನಗೆ ಇದೊಂದೂ ಹೊಳೆಯಲಿಲ್ಲ. ತಳಿಯ ಚಳಿಗೆ ಬುದ್ಧಿ ಸ್ವಲ್ಪ ಹೆಪ್ಪುಗಟ್ಟಿರುತ್ತದೆ ಎಂದು ಅತ್ತೆ ಹೇಳುವುದರಲ್ಲಿ ತಪ್ಪೇನಿಲ್ಲ.

ಹೊಳೆದದ್ದು ನೀರಿನ ದೆಸೆಯಿಂದ. ಆಗ ಬೀದಿಗೆಲ್ಲ ಒಂದೇ ನಲ್ಲಿ, ಅದೂ ಮೇಲ್ತುದಿಯಲ್ಲಿ, ನಮ್ಮ ಮನೆಯ ಮಗ್ಗುಲಿಗೇ. ನೀರು ಬಿಟ್ಟ ದಿನ ಬಿಂದಿಗೆಗಳ ಸಾಲು ಒಮ್ಮೆ ಮೇಲಿನಿಂದ ಶುರುವಾದರೆ ಮುಂದಿನ ಸಲ ಕೆಳಗಿನಿಂದ. ಕೊನೆಗೆ ಹಿಡಿದವರು ತಮ್ಮ ಬಾಗಿಲ ಮುಂದೆ ಒಂದು ಕಲ್ಲು ಇಟ್ಟುಕೊಳ್ಳುತ್ತಿದ್ದರು. ಕಲ್ಲು ಎಲ್ಲಿದೆಯೋ ಮುಂದಿನ ಸಲ ಅಲ್ಲಿಂದಲೇ ಶುರು. ಹೀಗಾಗಿ ಕೊನೆಯವರೇ ಮೊದಲಿನವರು. ಜಗಳವಿಲ್ಲ, ತಂಟೆಯಿಲ್ಲ. ಒಂದು ದಿನ ಅತ್ತೆಯೂ ನಾನೂ ಹುರುಳಿಕಾಯಿ ಸೋಸುತ್ತಿದ್ದೆವು. "ನಮ್ಮ ತವರಲ್ಲಿ ನೀರಿಗೆ ಜುಟ್ಟು ಹಿಡ್ಕೊಂಡು ಹೊಡೆದಾಡ್ತಾರೆ, ಇಲ್ಲಿ ಈ ಕಲ್ಲಿನ ಪದ್ಧತಿ ಯಾರು ಮಾಡಿದ್ದು ಅತ್ತೆ?" ಎಂದು ಕೇಳಿದೆ.

ಅತ್ತೆಯ ಕೈ ನಿಂತಿತು. ನನ್ನನ್ನು ನೋಡಿದರು, ಕಾಯಿಯನ್ನು ನೋಡಿದರು. ಬಾಯಿ ತೆರೆದು ಮತ್ತೆ ಮುಚ್ಚಿದರು. ಕೊನೆಗೆ, "ಈಗ ನಾನ್ ಬಾಯ್ ಬಿಟ್ರೆ ನನ್ ಹೆಸ್ರು ಬಿದ್ದೋಗಲ್ವೇನೇ, ದಡ್ಡಿ?" ಎಂದರು.

ಪಾಪ, ಅನ್ನಿಸಿಬಿಟ್ಟಿತು ನನಗೆ. ಎಷ್ಟು ವರ್ಷದಿಂದ ಕಾದಿದ್ದಾರೆ! ಹೇಳಿಕೊಂಡರೆ ಹೆಸರು ಬೀಳುತ್ತದೆ, ಸುಮ್ಮನಿದ್ದರೆ ಯಾರಿಗೂ ನೆನಪಾಗುವುದಿಲ್ಲ. ಕಮಿಟಿಯಲ್ಲಿದ್ದರೆ ಬಹುಮಾನವಿಲ್ಲ, ಬಿಟ್ಟರೂ ಕೇಳುವವರಿಲ್ಲ. ಒಳ್ಳೆಯ ಉಪಾಯಕ್ಕೆ ಇರುವ ಶಾಪವೇ ಇದು. ಅದು ಎಲ್ಲರದೂ ಆಗಿಬಿಟ್ಟರೆ ಯಾರದೂ ಅಲ್ಲ. ಇಡ್ಲಿಯನ್ನು ಮೊದಲು ಬೇಯಿಸಿದ ಮಹಾತಾಯಿ ಯಾರೆಂದು ನಮಗೇನಾದರೂ ಗೊತ್ತೇ?

ಮುಂದಿನ ಕಮಿಟಿಯಲ್ಲಿ ನಾನು ಕಲ್ಲಿನ ಪದ್ಧತಿಗೆಂದು ಅತ್ತೆಯ ಹೆಸರು ಹೇಳಿದೆ. ಐವತ್ತು ವರ್ಷ ಇನ್ನೂ ಆಗಿಲ್ಲ, ನೀವು ಯಾರಿಗೂ ಹೇಳಬೇಡಿ. ಮಾವ ಕನ್ನಡಕ ತೆಗೆದರು.

"ಅದು ಮುನಿಸಿಪಾಲ್ಟಿಯೋರು ಮಾಡಿದ್ದಲ್ವಾ?"

"ಮುನಿಸಿಪಾಲ್ಟಿಯೋರಾ? ಅವ್ರು ನೀರೇ ಸರ್ಯಾಗಿ ಬುಡಲ್ಲ, ಪದ್ಧತಿ ಮಾಡ್ತಾರಾ?" ಎಂದರು ರತ್ನಮ್ಮ.

"ಅದಲ್ಲಮ್ಮ, ನನ್ನ ಹೆಂಡ್ತಿಗೇ ಕೊಟ್ರೆ ಬೀದಿಯೋರು ಏನಂತಾರೆ? ಮನೇಲೇ ಹಂಚ್ಕೊಂಡ್ರು ಅಂತಾರೆ. ಸಾಕ್ಷಿ ಬೇಕು."

ರತ್ನಮ್ಮ ಎದ್ದು ತಮ್ಮ ಮನೆಗೆ ಹೋದರು. ಆ ಸಲ ನೀರಿನ ಕಲ್ಲು ಅವರ ಬಾಗಿಲಲ್ಲೇ ಇತ್ತು. ತಂದು ಮಾವನ ಮುಂದೆ ಟಕ್ಕೆಂದು ಇಟ್ಟರು. ಗುಲಾಬಿ ಬಣ್ಣ, ಒಂದು ಮುಖ ನುಣುಪು.

"ಇದು ನಿಮ್ದೇ ತಾನೆ ಮೇಷ್ಟ್ರೇ? ಈ ನಲ್ಲಿ ಕಟ್ಟೆ ಮೇಲೆ ನಾನೂ ಅಕ್ಕನೂ ಬಿಂದ್ಗೇಲಿ ಬಡಿದಾಡಿದ್ದೀವಿ. ನಲ್ಲಿ ಅಕ್ಕನ ಮನೆ ಪಕ್ಕ, ದಿನಾ ಅವ್ರೇ ಫಸ್ಟು. ನಮ್ಮ ಹೊತ್ಗೆ ನೀರು ದಾರದಂಗೆ ಬರೋದು. ಒಂದಿನ ಅಕ್ಕನೇ ಈ ಕಲ್ಲು ತಂದು, 'ರತ್ನಾ, ನಾಳಿಂದ ನೀನೇ ಮೊದ್ಲು, ಇದ್ನ ಮಡಿಕ್ಕೋ' ಅಂದ್ರು. ತನ್ನ ಮೊದಲ್ನೇ ಜಾಗ ತಾನೇ ಬುಟ್ಕೊಟ್ರು. ಸರೇ, ಇನ್ನೇನ್ ಸಾಕ್ಷಿ ಬೇಕು?"

ಮಾವ ಕಲ್ಲನ್ನು ಕೈಗೆ ತೆಗೆದುಕೊಂಡು ಅದರ ನುಣುಪು ಮುಖವನ್ನು ಹೆಬ್ಬೆರಳಿನಿಂದ ಒರೆಸಿದರು. ಅವರು ಒಂದು ದಿನವೂ ನೀರು ಹಿಡಿಯಲು ಹೋದವರಲ್ಲ. ಕಳೆದುಹೋದ ಕಲ್ಲಿಗಾಗಿ ಮನೆಯೆಲ್ಲ ಹುಡುಕಿದ್ದರು, ಬೀದಿಯಲ್ಲಿ ಮಾತ್ರ ಹುಡುಕಿರಲಿಲ್ಲ. "ಅವತ್ತು ಏನೋ ಬಂದು ಹೇಳಿದ್ಲು... ನಾನು ಲೆಕ್ಕ ಬಿಡಿಸ್ತಿದ್ದೆ, ಹೂಂ ಅಂದ್ಬುಟ್ಟೆ," ಎಂದರು ಮೆಲ್ಲಗೆ. ಆಮೇಲೆ, "ಈ ಸಲ ನನ್ನ ವೋಟು ಇಲ್ಲ. ನೀವಿಬ್ರೇ ಹಾಕಿ," ಎಂದರು. ಎರಡು ವೋಟೂ ಒಂದೇ ಕಡೆ ಬಿದ್ದವೆಂದು ಬೇರೆ ಹೇಳಬೇಕೇ?

ಅಕ್ಟೋಬರಿನಲ್ಲಿ ಘೋಷಣೆಯ ಬೆಳಿಗ್ಗೆ ಮಾವ ಜುಬ್ಬಾ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಶಾಲು ಹಿಡಿದು ಮನೆಯಿಂದ ಹೊರಗೆ ಹೋದರು. ಬೀದಿಯ ಕೊನೆವರೆಗೂ ನಡೆದರು. ಜನ ತಂತಮ್ಮ ಬಾಗಿಲಲ್ಲಿ ಯಾರ ಮನೆ, ಯಾರ ಮನೆ ಎಂದು ನೋಡುತ್ತಿದ್ದಾರೆ. ಅಲ್ಲಿಂದ ತಿರುಗಿ ಬಂದವರೇ ನಮ್ಮದೇ ಮನೆಯ ಕದ ತಟ್ಟಿದರು.

"ಯಾರದು?" ಒಳಗಿನಿಂದ ಅತ್ತೆ.

"ಕಮಿಟಿ."

"ಬಾಗ್ಲು ತೆಗ್ದೇ ಐತಲ್ರೀ, ಬರ್ರೀ ಒಳಕ್ಕೆ."

"ಇಲ್ಲ. ನೀನೇ ಬರ್ಬೇಕು."

ಅತ್ತೆ ಬಂದರು. ಮುಂಜಾನೆಗೇ ಆ ರೇಷ್ಮೆ ಸೀರೆ ಉಟ್ಟಿದ್ದರು ಎಂಬುದನ್ನು ನಾನು ಹೇಳಬಾರದು, ಆದರೂ ಹೇಳುತ್ತೇನೆ. ಮಾವ ಈ ಕಂದು ಶಾಲನ್ನೇ ಹೊದಿಸಿದರು. "ಇಷ್ಟ್ ವರ್ಷ ನೀರು ಕುಡ್ದೆ. ಹೆಂಗ್ ಬಂತು ಅಂತ ಒಂದಿನಾನೂ ಕೇಳ್ಲಿಲ್ಲ ಕಣೇ," ಎಂದರು ಅಷ್ಟೇ. ಅತ್ತೆಗೆ ಕಣ್ಣಲ್ಲಿ ನೀರು, ಮುಖದಲ್ಲಿ ನಗು. "ಒಬ್ಬಟ್ಟು ಯಾರು ತಟ್ಟಾದು? ಅದೂ ನಾನೇನಾ?" ಎಂದು ಕೇಳಿದರು. ಆ ಸಲದ ಒಬ್ಬಟ್ಟು ನನ್ನದು. ಹೂರಣ ಸಡಿಲವಾಗಿ ಹೆಂಚಿಗೆಲ್ಲ ಅಂಟಿಕೊಂಡಿತು. ಬಹುಮಾನ ಗೆದ್ದವರೇ ಬಂದು ಸರಿಮಾಡಿದರು.

ಮಾವ ಹೋಗಿ ಕೆಲವು ವರ್ಷಗಳಾದವು. ಬಹುಮಾನವೂ ಅವರೊಂದಿಗೆ ನಿಂತಿತು. ಅವರಿಗೇ ಒಂದು ಕೊಡಬೇಕಿತ್ತು ಎಂದು ನಾನೂ ರತ್ನಮ್ಮನೂ ಎಷ್ಟೋ ಸಲ ಮಾತಾಡಿಕೊಂಡಿದ್ದೇವೆ. ಸತ್ತವರಿಗೆ ಕೊಡುವಂತಿಲ್ಲವಲ್ಲ, ನಿಯಮ ಅವರದೇ. ರತ್ನಮ್ಮ ಈಗ ಡೆಂಕಣಿಕೋಟೆಯ ಮಗಳ ಮನೆಯಲ್ಲಿದ್ದಾರೆ. ಮನೆಮನೆಗೆ ನಲ್ಲಿ ಬಂತು, ಕಲ್ಲು ಯಾರಿಗೂ ಬೇಡವಾಗಿ ಬೀದಿಯಲ್ಲೇ ಎಲ್ಲೋ ಬಿದ್ದಿತ್ತು. ಬೀದಿಯ ಅರ್ಧ ಜನ ಫ್ಯಾಕ್ಟರಿ ಕೆಲಸಕ್ಕೆಂದು ಬಂದ ಹೊಸಬರು.

ಮೊನ್ನೆಯ ಬೆಳಿಗ್ಗೆಗೆ ಬರೋಣ. ರಸ್ತೆ ಅಗೆದು ಪೈಪು ಒಡೆದಿತ್ತು. ಹಿಂದಿನ ಸಲ ನೀರಿನ ಟ್ಯಾಂಕರ್ ಬಂದಾಗ ನಾನು ತಳಿಯಲ್ಲಿದ್ದೆ, ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ಮೊನ್ನೆ ಟ್ಯಾಂಕರ್ ಸದ್ದು ಕೇಳಿದ್ದೇ ತಡ, ಅತ್ತೆ ಬಿಸಿಲು ಬಿಟ್ಟು ಎದ್ದು, ಶಾಲು ಹೊದ್ದುಕೊಂಡೇ ಒಂದು ಪ್ಲಾಸ್ಟಿಕ್ ಬಿಂದಿಗೆ ಹಿಡಿದು ಹೊರಟರು. ನಾನು ಹಿಂದೆ ಓಡಿದೆ. ಟ್ಯಾಂಕರು ನಮ್ಮ ಬಾಗಿಲಿಗೇ ನಿಂತಿತ್ತು, ನಾವೇ ಮೊದಲು. ಅಷ್ಟರಲ್ಲಿ ಶಾಲೆಯ ಯೂನಿಫಾರ್ಮ್ ತೊಟ್ಟ ಒಬ್ಬ ಹುಡುಗಿ ಅಡ್ಡ ಬಂದಳು.

"ಪಾಟೀ, ಕಲ್ಲು ಅಂಗೆ ಇರುಕ್ಕು," ಎಂದು ತಮಿಳಿನಲ್ಲಿ ಹೇಳಿ, ಕೆಳತುದಿಯ ಕಡೆ ಕೈ ತೋರಿಸಿ, ನಮಗೆ ತಿಳಿಯಲಿಲ್ಲವೇನೋ ಎಂದು ಅರೆಬರೆ ಕನ್ನಡದಲ್ಲಿ, "ಅಜ್ಜೀ, ಕಲ್ಲು ಅಲ್ಲಿ. ಇವತ್ತು ಅಲ್ಲಿಂದ ಸ್ಟಾರ್ಟ್. ನೀವು ಲಾಸ್ಟ್," ಎಂದಳು.

ಬಗ್ಗಿ ನೋಡಿದೆ. ರತ್ನಮ್ಮನ ಹಳೆಯ ಬಾಗಿಲ ಮುಂದೆ ಗುಲಾಬಿ ಬಣ್ಣದ ಕಲ್ಲು! ನನಗೆ ಮೈ ಉರಿಯಿತು. ಯಾರಿಗೆ ಹೇಳುತ್ತಿದ್ದಾಳೆ ಈ ಹುಡುಗಿ! ಅತ್ತೆ ನನ್ನ ಕೈ ಅದುಮಿ, ತಮಗೆ ಬಂದ ತಮಿಳಿನಲ್ಲಿ ಕೇಳಿದರು, ಈ ಪದ್ಧತಿ ಮಾಡಿದ್ದು ಯಾರಮ್ಮ?

"ತೆರಿಯಾದು ಪಾಟಿ, ಗೊತ್ತಿಲ್ಲ. ಇಲ್ಲಿ ಮೊದ್ಲಿಂದ ಹಂಗೇ ಅಂತೆ."

ಇನ್ನು ಅತ್ತೆ ದೊಡ್ಡ ಮನಸ್ಸಿನಿಂದ ಸುಮ್ಮನೆ ನಗುತ್ತಾರೆ ಎಂದುಕೊಂಡೆ. ಎಲ್ಲಿಯ ಮಾತು! ಅವರು ಶಾಲು ಸರಿಪಡಿಸಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ, "ನಾನೇ ಕಣಮ್ಮ! ನಾನೇ ಮಾಡಿದ್ದು! ಬಹುಮಾನ ಬಂದೈತೆ ಅದಕ್ಕೆ!" ಎಂದರು. ಬಹುಮಾನ ಬಂದ ಮೇಲೆ ಹೇಳಿಕೊಳ್ಳಬಾರದು ಎಂಬ ನಿಯಮ ಎಲ್ಲೂ ಇಲ್ಲವಲ್ಲ. ಹುಡುಗಿ, ವಯಸ್ಸಾದವರ ಮಾತಿಗೆ ನಕ್ಕ ಹಾಗೆ ನಕ್ಕಳು. ಅತ್ತೆ ನನ್ನ ಕಡೆ ತಿರುಗಿದರು.

"ಹೇಳೇ, ಕಮಿಟಿ ನೀನೇ ಅಲ್ವಾ?"

"ಹೌದಮ್ಮ," ಎಂದೆ ಹುಡುಗಿಗೆ. "ಇವರೇ." ನಾನು ಇಷ್ಟು ಹೆಮ್ಮೆಯಿಂದ ಬೇರೆ ಯಾವ ಮಾತನ್ನೂ ಹೇಳಿದ ನೆನಪಿಲ್ಲ.

ಹುಡುಗಿ ಅತ್ತೆಯನ್ನು ಮೇಲಿನಿಂದ ಕೆಳಗೆ ನೋಡಿದಳು, ಕೈ ಮುಗಿದಳು. ಮುಗಿದ ಕೈಯಿಂದಲೇ ಸಾಲಿನ ಕೊನೆಯನ್ನು ತೋರಿಸಿದಳು. ಅತ್ತೆ ಬಿಂದಿಗೆ ಸೊಂಟಕ್ಕಿಟ್ಟುಕೊಂಡು, ನಗುನಗುತ್ತ ಹೋಗಿ ಕೊನೆಗೆ ನಿಂತರು. ನೀರು ಹಿಡಿದು ಬರುವಾಗ ಕಲ್ಲನ್ನು ಎತ್ತಿಕೊಂಡು ಬಂದು ನಮ್ಮ ಬಾಗಿಲ ಮುಂದೆ ಇಟ್ಟವಳು ನಾನು.