ನಾಗವ್ವನ ಕಣ್ಣು, ಬಾಲಚುಕ್ಕಿಯ ಬೆಳಕು

2024ರ ಅಕ್ಟೋಬರಿನಲ್ಲಿ ನಾನು ಬಸವಕಲ್ಯಾಣ ತಾಲ್ಲೂಕಿನಲ್ಲಿ, ಕೊಹಿನೂರದ ಕಡೆಯ ಒಂದು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಹುಮನಾಬಾದಿನಿಂದ ದಿನಾ ಬಸ್ಸಿನ ಓಡಾಟ. ಆ ದಿನಗಳಲ್ಲಿ ಮಾತ್ರ ಊರಿನಲ್ಲೇ ಗೆಳತಿಯ ಮನೆಯಲ್ಲಿ ಉಳಿದಿದ್ದೆ. ಸೂರ್ಯ ಮುಳುಗಿದ ಮೇಲೆ ಪಶ್ಚಿಮದಲ್ಲಿ ಧೂಮಕೇತು ಕಾಣುತ್ತಿತ್ತು. ಅದನ್ನು ಮಕ್ಕಳಿಗೆ ತೋರಿಸುವ ಕೆಲಸ ನನ್ನದು.

ಮಕ್ಕಳಿಗಿಂತ ಮೊದಲೇ ಶಾಲೆಯ ಮೈದಾನಕ್ಕೆ ಬರುತ್ತಿದ್ದವರು ಕುರಿ ಕಾಯುವ ಬೀರಪ್ಪನ ತಾಯಿ ನಾಗವ್ವ. ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಇನ್ನೊಂದರ ಆಪರೇಷನ್ ಬಾಕಿಯಿತ್ತು. ಮೊದಲ ಸಂಜೆ ಬಾಲಚುಕ್ಕಿ ಕಂಡಾಗ ಹುಡುಗಿಯಂತೆ ಚಪ್ಪಾಳೆ ತಟ್ಟಿದ್ದರು.

ಕೆಲವು ದಿನ ಕಳೆದ ಮೇಲೆ ಮುಖ ಬಾಡಿಸಿಕೊಂಡು ಬಂದರು.

"ಚುಕ್ಕಿ ಮಬ್ಬಾಗಾಕತ್ತದ ಟೀಚರ್ರಿ. ನನ್ನ ಕಣ್ಣೇ ಕೆಟ್ಟದ. ಇನ್ನೊಂದು ಕಣ್ಣು ಮುಟ್ಟಾಕ ನಾ ಕೊಡಂಗಿಲ್ಲ."

ಅಷ್ಟರಲ್ಲಿ ಬೀರಪ್ಪ ಕುರಿ ಹೊಡೆದುಕೊಂಡು ಬಂದ. "ಮುಂಜಾನೆ ನನ್ನ ಅಂಗಿ ಹೊಲಿಗಿ ಬಿಚ್ಚಿದ್ದು ಕಂಡು ಬೈದಿ. ಈಗ ಕಣ್ಣು ಕೆಟ್ತೇನಬೇ?"

"ನೀ ಸುಮ್ಕಿರೋ! ಅಂಗಿ ಬ್ಯಾರೆ, ಚುಕ್ಕಿ ಬ್ಯಾರೆ."

ಹಿಂಡು ಎಬ್ಬಿಸಿದ ಧೂಳು ಇಳಿಹೊತ್ತಿನ ಸೂರ್ಯನಿಗೂ ನಮಗೂ ನಡುವೆ ಬಂಗಾರದಂತೆ ಹೊಳೆಯುತ್ತಿತ್ತು. ನಾಗವ್ವನ ಕೈ ಹಿಡಿದು ಧೂಳಿನ ಆ ಬದಿಗೆ ಕರೆದೊಯ್ದು, ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಅದೇ ಧೂಳು, ಬರೀ ಬೂದಿ ಬಣ್ಣ.

ಧೂಮಕೇತು ಎಂದರೆ ಹಿಮ, ಧೂಳು ಬೆರೆತ ಉಂಡೆ ಎಂದೆ. ಸೂರ್ಯನ ಹತ್ತಿರ ಬಂದಾಗ ಹಿಮ ಆವಿಯಾಗಿ ಧೂಳನ್ನು ಎಬ್ಬಿಸುತ್ತದೆ. ಮೊದಲ ದಿನಗಳಲ್ಲಿ ಅದು ಸುಮಾರಾಗಿ ಸೂರ್ಯನಿಗೂ ನಮಗೂ ನಡುವೆ ಇತ್ತು. ಹಾಗಾಗಿ ಅದರ ಧೂಳು ಈ ಕುರಿಗಳ ಧೂಳಿನಂತೆ ಇನ್ನಷ್ಟು ಹೊಳೆಯಿತು. ಈಗ ಆ ನಡುವಿನಿಂದ ಹೊರಬಂದು ಸೂರ್ಯನಿಂದಲೂ ನಮ್ಮಿಂದಲೂ ದೂರ ಸರಿಯುತ್ತಿದೆ, ಬೆಳಕು ಇಳಿಯುತ್ತಿದೆ.

ನಾಗವ್ವ ಒಪ್ಪಲಿಲ್ಲ. ಕತ್ತಲಾಗುವವರೆಗೆ ಕಾದೆವು. ಪಶ್ಚಿಮದಲ್ಲಿ ಶುಕ್ರ ಕಾಣಿಸಿತು.

"ಆ ಬೆಳ್ಳಿಚುಕ್ಕಿ ಹೇಗೆ ಕಾಣುತ್ತೆ?"

ನಾಗವ್ವ ಇನ್ನೊಂದು ಕಣ್ಣು ಮುಚ್ಚಿ, ಪೊರೆ ತೆಗೆಸಿದ ಕಣ್ಣಿನಿಂದ ರೆಪ್ಪೆ ಮಿಟುಕಿಸದೆ ನೋಡಿದರು. "ಮೊದಲ ದಿನ ಹ್ಯಾಂಗಿತ್ತೋ ಹಂಗೇ ಅದರಿ. ಫಳಫಳ."

"ಕಣ್ಣು ಕೆಟ್ಟಿದ್ದರೆ ಅದೂ ಮಬ್ಬಾಗಬೇಕಿತ್ತಲ್ಲ?"

ನಾಗವ್ವ ನಕ್ಕರು. "ಹಂಗಾದ್ರ ಹೊಂಟಿದ್ದು ಚುಕ್ಕಿನೇ, ನನ್ನ ಕಣ್ಣಲ್ಲ!"

ಮರುದಿನ ತೋರಿಸಿದಾಗ ಡಾಕ್ಟರೂ ಕಣ್ಣು ಚೆನ್ನಾಗಿದೆ ಎಂದರು. ಎರಡನೆಯ ಆಪರೇಷನ್ನೂ ಆಯಿತು.

ಯಾವುದೋ ಒಂದು ಮಂಕಾಯಿತು ಎನ್ನುವ ಮೊದಲು, ಪಕ್ಕದಲ್ಲಿ ಬದಲಾಗದ ಇನ್ನೊಂದನ್ನು ನೋಡಬೇಕು. ಇಷ್ಟು ವರ್ಷ ಪಾಠ ಹೇಳಿದ ನನಗೆ ಇದು ಮನದಟ್ಟಾಗಿದ್ದು ಆ ಮೈದಾನದಲ್ಲಿ. ಮೊನ್ನೆ ನಾಗವ್ವ ಬಸ್ಸಿನಲ್ಲಿ ಸಿಕ್ಕಿದ್ದರು. ದೂರದಿಂದಲೇ ಕೂಗಿದರು: "ಟೀಚರ್ರಿ, ತಲಿಗೂದಲ ಬೆಳ್ಳಗಾಗ್ಯಾವಲ್ರಿ! ನನ್ನ ಕಣ್ಣಿಂದೇನೂ ತಪ್ಪಿಲ್ಲ, ನೋಡ್ರಿ."