ಕಾರಣ: ಆಟ ನೋಡಬೇಕು

ಆ ಅಂಗಿ ಕಾರ್ಖಾನೆಯ ರಜೆ ಚೀಟಿಗಳಲ್ಲಿ ಸತ್ತಷ್ಟು ಜನ ಊರಿನ ಸ್ಮಶಾನದಲ್ಲೂ ಇಲ್ಲ. ಚೀಟಿಯಲ್ಲಿ 'ಕಾರಣ' ಅಂತ ಒಂದು ಖಾಲಿ ಗೆರೆ ಇರುತ್ತದೆ. ಆ ಗೆರೆಗೆ ಬಲಿಯಾದ ಅಜ್ಜಿಯರಿಗೆ, ಚಿಕ್ಕಪ್ಪಂದಿರಿಗೆ ಲೆಕ್ಕವಿಲ್ಲ. ಮೂರನೇ ಲೈನಿನಲ್ಲಿ ತೋಳಿನ ತುದಿಯ ಕಫ್ ಹೊಲಿಯುವವಳು ತನ್ನ ದೊಡ್ಡಮ್ಮನೊಬ್ಬಳನ್ನೇ ನಾಲ್ಕು ವರ್ಷದಲ್ಲಿ ಮೂರು ಸಲ ಸಾಯಿಸಿದ್ದಳು. ಸುಳ್ಳು ಅಂತ ಬರೆಯುವವಳಿಗೂ ಗೊತ್ತು, ಸಹಿ ಹಾಕುವವನಿಗೂ ಗೊತ್ತು. ಅದು ಅಲ್ಲಿನ ಪದ್ಧತಿ.

ಪದ್ಧತಿ ಮುರಿದವಳು ಗೋಲಕ್ಕ.

ನಲವತ್ತೊಂಬತ್ತು ವರ್ಷದ ಹೆಂಗಸು. ಇಪ್ಪತ್ತೆರಡು ವರ್ಷದಿಂದ ಅಂಗಿಗೆ ಕಾಲರ್ ಜೋಡಿಸುತ್ತಾಳೆ. ನಲವತ್ತು ಯಂತ್ರಗಳ ಆ ಮೂರನೇ ಲೈನಿನಲ್ಲಿ ಅದೇ ಕಷ್ಟದ ಜಾಗ. ಕಾಲರಿನ ಎರಡು ಚೂಪು ಮೂಗೂ ಒಂದೇ ಸಮ ಕೂರಬೇಕು, ಕೂದಲೆಳೆಯಷ್ಟು ಆಚೀಚೆಯಾದರೂ ಅಂಗಿ ಸೊಟ್ಟ ಮೂತಿ ಮಾಡುತ್ತದೆ. ಅವಳ ಕೈಯಲ್ಲಿ ಅದು ಕಣ್ಣು ಮುಚ್ಚಿದರೂ ಕೂರುತ್ತದೆ. ಅವಳಿಗೂ ಅದು ಗೊತ್ತು. ವಿನಯ ಗಿನಯ ಏನೂ ಇಲ್ಲ. "ಕಾಲರ್ ಅಂದ್ರೆ ನಾನು, ನಾನು ಅಂದ್ರೆ ಕಾಲರ್" ಎನ್ನುತ್ತಾಳೆ.

ಗೋಲಕ್ಕ ಎಂಬ ಹೆಸರು ಫುಟ್ಬಾಲಿನಿಂದ ಬಂತು. ಅವಳಪ್ಪ ಊರಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವ ಕೆಲಸದಲ್ಲಿದ್ದವನು. ಅವಳು ಅಂಬೆಗಾಲಿಟ್ಟಿದ್ದೇ ಪೆನಾಲ್ಟಿ ಚೌಕದೊಳಗೆ. ಮೂಲೆಬಾವುಟದ ಹತ್ತಿರದ ಒಡೆದ ಸಿಮೆಂಟ್ ಮೆಟ್ಟಿಲು ಇವತ್ತಿಗೂ ಅವಳದ್ದೇ. ಊರಿನ ನೀಲಿ ಅಂಗಿಯ ತಂಡ ಹತ್ತೊಂಬತ್ತು ವರ್ಷದಿಂದ ಕಪ್ ಗೆದ್ದಿಲ್ಲ. ಹತ್ತೊಂಬತ್ತು ವರ್ಷದಿಂದ ಅವಳು ಒಂದು ಫೈನಲ್ಲೂ ತಪ್ಪಿಸಿಲ್ಲ. ತನ್ನ ತಂಡ ಫೈನಲ್ಲಿಗೆ ಬಾರದ ವರ್ಷಗಳಲ್ಲಿ, ಬಂದವರನ್ನು ಬೈಯಲು ಹೋಗುತ್ತಿದ್ದಳು.

ಬದುಕನ್ನೂ ಅವಳು ಆ ಮೆಟ್ಟಿಲಿನಿಂದಲೇ ನೋಡುವುದು. ನಲ್ಲಿ ರಿಪೇರಿ ಮಾಡುವ ಗಂಡನ ಬಗ್ಗೆ: "ನಮ್ಮನೆಯವ್ರು ಗೋಲ್‌ಕೀಪರ್. ಏನ್ ಎಸೆದ್ರೂ ಹಿಡೀತಾರೆ, ಆದ್ರೆ ತಾವಾಗಿ ಒಂದು ಹೆಜ್ಜೆ ಮುಂದೆ ಬರಲ್ಲ." ಅಳಿಯನ ಬಗ್ಗೆ: "ಒಳ್ಳೇವ್ನೇ. ಆದ್ರೆ ಚೆಂಡು ಕೊಟ್ರೆ ಸಾಕು, ಹಿಂದಕ್ಕೆ ಅವರಮ್ಮಂಗೆ ಪಾಸ್ ಮಾಡ್ತಾನೆ." ಸಂಜೆ ಮನೆ ಸೇರಿದ ಕೂಡಲೇ ಸ್ಟೂಲಿನ ಮೇಲೆ ಕಾಲು ಚಾಚಿ ಹದಿನೈದು ನಿಮಿಷ ಕೂರುತ್ತಾಳೆ. ಆಗ ಯಾರೂ ಮಾತಾಡಿಸುವಂತಿಲ್ಲ. ಅದು ಅರ್ಧ ಆಟದ ವಿರಾಮ. "ಆಟದಲ್ಲಿ ವಿರಾಮ ಸೀಟಿ ಊದಿ ಕೊಡ್ತಾರೆ. ಮನೇಲಿ ಯಾರೂ ಊದಲ್ಲ, ನಾವೇ ತಗೋಬೇಕು."

ದುಡಿಯುವ ಹೆಂಗಸಿಗೆ ಹವ್ಯಾಸವೇ ಎಂದು ಹುಬ್ಬೇರಿಸುವವರಿದ್ದಾರೆ. ಹವ್ಯಾಸ ಹೊಟ್ಟೆ ತುಂಬಿದವರ ಸ್ವತ್ತು ಎಂದು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ವಾರದ ಆರು ದಿನ ಬೆನ್ನು ಬಗ್ಗಿಸಿದವಳಿಗೆ ಏಳನೇ ದಿನ ಗಂಟಲು ಹರಿಯುವಂತೆ ಕೂಗಲು ಒಂದು ಜಾಗ ಬೇಕು. ಇಲ್ಲದಿದ್ದರೆ ಆ ಕೂಗು ಮಕ್ಕಳ ಬೆನ್ನ ಮೇಲೆ ಬೀಳುತ್ತದೆ.

ಈ ವರ್ಷ ನೀಲಿ ತಂಡ ಫೈನಲ್ಲಿಗೆ ಬಂತು. ಭಾನುವಾರ ನಾಲ್ಕು ಗಂಟೆಗೆ ಆಟ. ಗುರುವಾರ ಬೆಳಿಗ್ಗೆ ಸೂಪರ್‌ವೈಸರ್ ಬಂದು ಚಪ್ಪಾಳೆ ತಟ್ಟಿದ. "ಮಾಲು ಸೋಮವಾರ ಹೋಗಲೇಬೇಕು. ಭಾನುವಾರ ಸಂಜೆ ಆರರವರೆಗೂ ಕೆಲಸ. ಎಲ್ಲರೂ ಬರಬೇಕು. ನಾನು ಮಾತ್ರ ಇರಲ್ಲ, ಹಲ್ಲು ಕೀಳಿಸ್ಕೋಬೇಕು." ದವಡೆ ಹಿಡಿದುಕೊಂಡು ಮುಖ ಹಿಂಡಿ ತೋರಿಸಿದ.

ಊಟದ ಹೊತ್ತಿಗೆ ಚೀಟಿಗಳು ಬಿದ್ದವು. ಎರಡು ಸಾವು, ಒಂದು ಹೆರಿಗೆ, ಮೂರು ಜ್ವರ. ಗೋಲಕ್ಕನ ಚೀಟಿ ಓದಿ ಸೂಪರ್‌ವೈಸರ್ ಅವಳ ಯಂತ್ರದ ಹತ್ತಿರ ಬಂದ. ಆತ ಈ ಲೈನಿನಲ್ಲೇ ಬಟ್ಟೆಯ ಕಟ್ಟು ಹೊರುತ್ತ ಮೇಲೆ ಬಂದವನು. ಕತ್ತರಿ ಹಿಡಿಯುವುದನ್ನು ಕಲಿಸಿದ್ದೇ ಗೋಲಕ್ಕ. ಹಾಗಾಗಿ ಅವಳು ಆತನಿಗೆ ಸಾರ್ ಗೀರ್ ಅನ್ನುವುದಿಲ್ಲ.

"ಏನಕ್ಕಾ ಇದು? 'ಆಟ ನೋಡಬೇಕು' ಅಂತ ಬರೆದಿದೀರಲ್ಲ."

"ಅಕ್ಷರ ಅರ್ಥ ಆಗ್ಲಿಲ್ವಾ?"

"ಇದು ಕಾರಣಾನಾ? ಯಾರಿಗಾದ್ರೂ ಹುಷಾರಿಲ್ಲ ಅಂತ ಬರ್ಕೊಡಿ. ನಾನೇ ಪಾಸ್ ಮಾಡಿಸ್ತೀನಿ."

"ನಮ್ಮನೇಲಿ ಎಲ್ರೂ ಗುಂಡುಕಲ್ಲಿನ ಹಾಗಿದಾರೆ. ಅವರ ಮೇಲೆ ಯಾಕಪ್ಪ ಅಪಶಕುನ ನುಡೀಲಿ? ಭಾನುವಾರ ನಂದು. ನಾಲ್ಕು ಗಂಟೆಗೆ ನಾನು ಮೈದಾನದಲ್ಲಿರ್ತೀನಿ. ಯಾಕೆ ಅಂತ ನಿನ್ನ ಚೀಟಿ ಕೇಳ್ತು, ಹೇಳಿದೆ."

ಚೀಟಿ ಮ್ಯಾನೇಜರ್ ಕೋಣೆಗೆ ಹೋಯಿತು. 'ಕಾರಣ ಸಮಂಜಸವಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆಸಿಕೊಂಡು ವಾಪಸ್ ಬಂತು. ಜೊತೆಗೆ ಬಾಯಿಮಾತಿನ ಹುಕುಂ ಒಂದು: ಭಾನುವಾರ ಬಾರದಿದ್ದರೆ ಸೋಮವಾರದಿಂದ ಕಾಲರ್ ಯಂತ್ರ ಬೇರೆಯವರಿಗೆ, ಗೋಲಕ್ಕ ದಾರದ ಮೇಜಿಗೆ.

ದಾರದ ಮೇಜು ಅಂದರೆ ಹೊಲಿದಾದ ಅಂಗಿಗಳಿಂದ ನೇತಾಡುವ ದಾರದ ತುಣುಕು ಕತ್ತರಿಸುವ ಕೆಲಸ. ದಿನವಿಡೀ ನಿಂತೇ ಇರಬೇಕು. ಹೊಸದಾಗಿ ಸೇರಿದವರನ್ನು ಅಲ್ಲಿ ನಿಲ್ಲಿಸುತ್ತಾರೆ. ಇಪ್ಪತ್ತೆರಡು ವರ್ಷ ಕಾಲರ್ ಕೂರಿಸಿದವಳನ್ನು ಅಲ್ಲಿ ನಿಲ್ಲಿಸುವುದೆಂದರೆ ಮುಖಕ್ಕೆ ಉಗಿದ ಹಾಗೆ.

"ಒಂದು ಸುಳ್ಳು ಬರೆದು ಬಿಸಾಕಬಾರ್ದಾ?" ಕಫ್ಫಿನವಳು ಗೋಗರೆದಳು. "ಯಂತ್ರ ಹೋದ್ರೆ ಏನೇ ಮಾಡ್ತೀಯ?"

"ಯಂತ್ರ ಅವರದ್ದು, ಇಟ್ಕೊಳ್ಲಿ. ಕೈ ನಂದು" ಎಂದಳು ಗೋಲಕ್ಕ. ಆದರೆ ಆ ಸಂಜೆ ಹೊರಡುವಾಗ ಯಂತ್ರದ ಮೇಲಿನ ಧೂಳನ್ನು ದಿನಕ್ಕಿಂತ ಎರಡು ಸಲ ಹೆಚ್ಚು ಒರೆಸಿದ್ದನ್ನು ಕಫ್ಫಿನವಳು ನೋಡಿದಳು. ನೋಡಿ, ತನಗೆ ತಿಳಿದ ಒಂದೇ ಉಪಕಾರ ಮಾಡಲು ನಿರ್ಧರಿಸಿದಳು.

ಶನಿವಾರ ಹತ್ತು ಗಂಟೆಗೆ ಗೋಲಕ್ಕನ ಸೂಜಿ ಮುರಿಯಿತು. ಮುರಿದ ಸೂಜಿಯ ಚೂರುಗಳನ್ನೆಲ್ಲ ಹುಡುಕಿ, ಕಾಗದಕ್ಕೆ ಅಂಟಿಸಿ ಕೊಟ್ಟರೇ ಹೊಸ ಸೂಜಿ. ಒಂದು ಚೂರು ಅಂಗಿಯೊಳಗೆ ಉಳಿದರೂ ರಂಪವಾಗುತ್ತದೆ. ಅವಳು ಸೂಜಿ ಕೊಡುವ ಕಿಟಕಿಯಲ್ಲಿ ಚೂರು ಅಂಟಿಸುತ್ತ ನಿಂತಾಗ, ಇಲ್ಲಿ ಕಫ್ಫಿನವಳು ಅವಳ ಹೆಸರಿನಲ್ಲಿ ಹೊಸ ಚೀಟಿ ಬರೆದು, ಮ್ಯಾನೇಜರಿಗೆ ಹೋಗುವ ಚೀಟಿಗಳ ಜೊತೆ ಸೇರಿಸಿದಳು. ಕಾರಣ: ಅತ್ತೆ ತೀರಿಕೊಂಡರು. ಮ್ಯಾನೇಜರ್ ಎರಡು ನಿಮಿಷದಲ್ಲಿ 'ಮಂಜೂರು' ಎಂದು ಸಹಿ ಹಾಕಿ, ಗೇಟಿಗೂ ಚೀಟಿ ಕಳಿಸಿದ.

ಗೋಲಕ್ಕ ಸೂಜಿ ಹಿಡಿದು ಬಂದಾಗ ಲೈನಿನ ಅರ್ಧ ಜನ ತಲೆ ತಗ್ಗಿಸಿ ನಿಂತಿದ್ದರು. ಸೂಪರ್‌ವೈಸರ್ ಮೆಲ್ಲಗೆ ಹೇಳಿದ, "ಅಕ್ಕಾ, ಧೈರ್ಯ ತಗೊಳ್ಳಿ. ನಿಮ್ಮತ್ತೆ ಹೋಗ್ಬಿಟ್ರಂತೆ."

ಕಫ್ಫಿನವಳು ಕಣ್ಣು ಹೊಡೆದು ಸನ್ನೆ ಮಾಡುತ್ತಲೇ ಇದ್ದಳು. ಗೋಲಕ್ಕ ನೋಡಲಿಲ್ಲ. ಬೆಳಿಗ್ಗೆ ಅತ್ತೆಯ ಜೊತೆ ಜಗಳವಾಡಿಯೇ ಮನೆಯಿಂದ ಹೊರಟಿದ್ದಳು. ಕಿಟಕಿ ತೆರೆದಿಡುವ ವಿಷಯಕ್ಕೆ, ದಿನಾ ಆಗುವಂಥದ್ದೇ. ಸೂಜಿ ಕೈಜಾರಿತು. ಮೂರು ಮಹಡಿಯ ಮೆಟ್ಟಿಲನ್ನು ಚಪ್ಪಲಿಯೂ ಇಲ್ಲದೆ ಇಳಿದು ಗೇಟಿಗೆ ಓಡಿದಳು.

ಗೇಟಿನಲ್ಲಿ ಅತ್ತೆ ನಿಂತಿದ್ದಳು. ಎಪ್ಪತ್ತಮೂರರ ಮುದುಕಿ, ಕೈಯಲ್ಲಿ ಊಟದ ಡಬ್ಬಿ.

"ಜಗಳ ಆಡೋಕೆ ನೆನಪಿರುತ್ತೆ, ಡಬ್ಬಿ ತಗೊಳ್ಳೋಕೆ ಇರಲ್ಲ, ಅಲ್ವೇನೇ?" ಎಂದಳು ಅತ್ತೆ.

ಗೋಲಕ್ಕ ಅವಳ ರೆಟ್ಟೆ ಹಿಡಿದು ಒಂದು ಸಲ ಜಗ್ಗಿ ನೋಡಿದಳು. ಗಟ್ಟಿಯಾಗಿಯೇ ಇದ್ದಳು.

ವಾಚ್‌ಮನ್ ಕೈಯಲ್ಲಿದ್ದ ಚೀಟಿಯನ್ನೂ ಮುದುಕಿಯನ್ನೂ ನೋಡಿದ. "ಅಮ್ಮಾ, ಇವರತ್ತೆ ತೀರ್ಕೊಂಡಿದಾರೆ ಅಂತ ಇದೆ ಇಲ್ಲಿ. ನೀವು ಯಾರು?"

"ಅತ್ತೆ ನಾನೇ ಕಣಪ್ಪ. ಯಾವಾಗ ಸತ್ತೆ? ನನಗೊಂದು ಮಾತು ಹೇಳ್ಬಾರ್ದಾ?"

ಐದು ನಿಮಿಷದಲ್ಲಿ ಅತ್ತೆ ಸೊಸೆ ಇಬ್ಬರೂ ಮ್ಯಾನೇಜರ್ ಕೋಣೆಯಲ್ಲಿದ್ದರು. ಗಾಜಿನ ಕೋಣೆ. ಒಳಗಿನದೆಲ್ಲ ಲೈನಿಗೆ ಕಾಣುತ್ತದೆ, ಬಾಗಿಲು ತೆರೆದಿದ್ದರೆ ಕೇಳಿಸುತ್ತದೆ ಕೂಡ. ಅತ್ತೆ ಬಾಗಿಲು ಮುಚ್ಚಲು ಬಿಡಲಿಲ್ಲ, "ನನಗೆ ಗಾಳಿ ಬೇಕು" ಎಂದಳು.

"ಈ ಚೀಟಿ ಯಾರು ಬರೆದಿದ್ದು?" ಮ್ಯಾನೇಜರ್ ಗುಡುಗಿದ. "ಇದು ಮೋಸ. ಬರೆದವರನ್ನ ಕೆಲಸದಿಂದ ತೆಗೀತೀನಿ."

ಗೋಲಕ್ಕನಿಗೆ ಕಫ್ಫಿನವಳ ಗೀಚು ಅಕ್ಷರ ನೋಡಿದ ಕೂಡಲೇ ಎಲ್ಲ ಅರ್ಥವಾಗಿತ್ತು. "ಯಾರು ಬರೆದ್ರು ಅನ್ನೋದು ಬಿಡಿ. ಸಹಿ ಯಾರದ್ದು ಅದು ನೋಡಿ. ಗುರುವಾರದ ನನ್ನ ಚೀಟೀನೂ ಪಕ್ಕದಲ್ಲಿಡಿ. ನಿಜ ಬರೆದಿದ್ದಕ್ಕೆ 'ಸಮಂಜಸವಲ್ಲ'. ಮುದುಕೀನ ಸಾಯಿಸಿದ್ದಕ್ಕೆ 'ಮಂಜೂರು'. ಎರಡೂ ನಿಮ್ಮ ಕೈಬರಹ. ಇಪ್ಪತ್ತೆರಡು ವರ್ಷದಿಂದ ಸುಳ್ಳು ಬರೆಯೋದು ಕಲಿಸ್ತಾ ಇರೋದು ಈ ಕೋಣೆ, ನಮ್ಮ ಲೈನಲ್ಲ."

ಅತ್ತೆ ಚೀಟಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ನನ್ನ ಸಾವಿಗೆ ಸಹಿ ಹಾಕಿದೋನು ನೀನೇನಪ್ಪಾ? ಕೈ ಒಂಚೂರೂ ನಡುಗಿಲ್ಲ ನೋಡು, ಎಷ್ಟು ದುಂಡಗಿದೆ."

ಹೊರಗೆ ಯಂತ್ರಗಳು ಒಂದೊಂದಾಗಿ ನಿಂತವು. ಮುಷ್ಕರವಲ್ಲ. ಕಾಲರ್ ಜೋಡಿಸುವವಳು ಕೋಣೆಯಲ್ಲಿದ್ದರೆ ಮುಂದಿನ ಯಂತ್ರಗಳಿಗೆ ಅಂಗಿ ಬರುವುದಾದರೂ ಎಲ್ಲಿಂದ? ಕೈ ಖಾಲಿಯಾದ ಕಫ್ಫಿನವಳು ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಬರೆದಿದ್ದು ನಾನು ಸಾರ್. ಇನ್ನು ಯಾರನ್ನೂ ಸಾಯಿಸಲ್ಲ. ಇಗೊಳ್ಳಿ, ನಾಳೆಗೆ ನನ್ನ ಚೀಟಿ." ಕಾರಣ: ನಿದ್ದೆ ಮಾಡಬೇಕು.

ಅವಳ ಹಿಂದೆ ಗುಂಡಿಯವಳು ಬಂದಳು. ಕಾರಣ: ತಲೆಗೆ ಸ್ನಾನ ಮಾಡಿ ಬಿಸಿಲಲ್ಲಿ ಕೂರಬೇಕು. ತೋಳಿನವಳು ಬಂದಳು. ಕಾರಣ: ಅಕ್ಕನ ಜೊತೆ ಹರಟೆ. ಗುರುವಾರ ಚಿಕ್ಕಪ್ಪನನ್ನು ಸಾಯಿಸಿದ್ದವಳು ಚೀಟಿ ವಾಪಸ್ ಕೇಳಿ, ಬರೆದದ್ದನ್ನು ಹೊಡೆದುಹಾಕಿ, 'ಸುಮ್ಮನೆ' ಎಂದಷ್ಟೇ ಬರೆದಳು. ಹನ್ನೆರಡು ಗಂಟೆಗೆ ಮೇಜಿನ ಮೇಲೆ ಇಪ್ಪತ್ತೆಂಟು ಚೀಟಿಗಳಿದ್ದವು.

"ನಾಳೆ ಬಾರದೇ ಇದ್ದೋರೆಲ್ಲ ಸೋಮವಾರ ದಾರದ ಮೇಜಿಗೆ!" ಎಂದ ಮ್ಯಾನೇಜರ್.

"ಇಪ್ಪತ್ತೆಂಟು ಜನ ದಾರ ಕತ್ತರಿಸೋಕೆ ನಿಂತ್ರೆ, ಆ ಅಂಗಿ ಹೊಲಿಯೋರು ಯಾರು ಸಾರ್?" ಎಂದಳು ಗೋಲಕ್ಕ.

ಮ್ಯಾನೇಜರ್ ಇಪ್ಪತ್ತೆಂಟು ಚೀಟಿಗಳನ್ನೂ ಗುಡ್ಡೆ ಮಾಡಿ ಪಕ್ಕಕ್ಕಿಟ್ಟ, ದಾರದ ಮೇಜಿನ ಮಾತು ಬಿಟ್ಟ. ತನ್ನದೇ ಸಹಿ ಇದ್ದ ಸಾವಿನ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದ. ಅಲ್ಲಿಗೆ ಕಫ್ಫಿನವಳ ಕೆಲಸ ಉಳಿಯಿತು. ಆದರೆ ಒಬ್ಬರಿಗಾದರೂ ಶಿಕ್ಷೆಯಾಗದಿದ್ದರೆ ಕುರ್ಚಿಗೆ ಬೆಲೆಯಿಲ್ಲವಲ್ಲ. ಗೋಲಕ್ಕನಿಗೆ ಬೆರಳು ತೋರಿಸಿದ. "ನೀನು ಮಾತ್ರ ಸೋಮವಾರ ಯಂತ್ರದ ಹತ್ತಿರ ಹೋಗಬೇಡ."

"ಆಯ್ತು. ಭಾನುವಾರವಂತೂ ಹೋಗಲ್ಲ" ಎಂದು ಅತ್ತೆಯ ಕೈ ಹಿಡಿದು ಹೊರಬಂದಳು.

ಭಾನುವಾರ ನಾಲ್ಕಕ್ಕೆ ಅತ್ತೆ ಸೊಸೆ ಇಬ್ಬರೂ ಆ ಒಡೆದ ಮೆಟ್ಟಿಲ ಮೇಲಿದ್ದರು. "ಸತ್ತೋಳಿಗೆ ಮನೇಲೇನು ಕೆಲಸ" ಎಂದು ಅತ್ತೆಯೂ ಹಟ ಹಿಡಿದು ಬಂದಿದ್ದಳು, ತಲೆದಿಂಬು ಸಮೇತ. ಮೊದಲ ಅರ್ಧದಲ್ಲಿ ನೀಲಿಯವರು ಒಂದು ಗೋಲು ಹೊಡೆದರು. ಗೋಲಕ್ಕನ ಕೂಗಿಗೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಎರಡನೇ ಅರ್ಧದಲ್ಲಿ ಎದುರಾಳಿ ಕೆಂಪು ತಂಡ ಒಂದು ಹೊಡೆಯಿತು. ಆಟ ಮುಗಿಯಲು ಮೂರು ನಿಮಿಷವಿದ್ದಾಗ ನೀಲಿ ಗೋಲ್‌ಕೀಪರನ ಕಾಲ ಸಂದಿಯಲ್ಲಿ ಚೆಂಡು ನುಸುಳಿ ಇನ್ನೊಂದೂ ಆಯಿತು.

"ಅಯ್ಯೋ ನಿನ್ನ ಕಾಲು ಹೊಲಿದು ಬಿಡ್ಬೇಕು ಕಣೋ! ಕಳಿಸು ನಮ್ಮ ಲೈನಿಗೆ!" ಎಂದು ಗೋಲಕ್ಕ ಅರಚುತ್ತಿರುವಾಗ ಅತ್ತೆ ಅವಳ ಪಕ್ಕೆ ತಿವಿದಳು. "ಅಲ್ನೋಡೇ, ಆ ಕುಣೀತಿರೋನು ನಿನ್ನೆ ನನ್ನ ಸಾವಿನ ಸುದ್ದಿ ಹೇಳಿದೋನಲ್ವಾ?"

ಎದುರಿನ ಕೆಂಪು ಅಂಗಿಗಳ ಗುಂಪಿನಲ್ಲಿ ಸೂಪರ್‌ವೈಸರ್ ಯಾರದೋ ಹೆಗಲೇರಿ ಕುಣಿಯುತ್ತಿದ್ದ, ಮೂವತ್ತೆರಡೂ ಹಲ್ಲು ಬಿಟ್ಟುಕೊಂಡು.

ತಂಡ ಸೋತಿತು. ಇಪ್ಪತ್ತನೇ ವರ್ಷಕ್ಕೆ ಕಾಲಿಟ್ಟಾಯಿತು. ಗೋಲಕ್ಕ ಅಳಲಿಲ್ಲ, ಗೋಲ್‌ಕೀಪರನನ್ನು ಮನೆಯವರೆಗೂ ಬೈದುಕೊಂಡು ಬಂದಳು, ಚೆನ್ನಾಗಿ ಉಂಡು ಮಲಗಿದಳು.

ಸೋಮವಾರ ದಾರದ ಮೇಜಿನ ಮುಂದೆ ನಿಂತಳು. ಕತ್ತರಿ ಹಿಡಿದು ಆಟದ ಕಥೆ ಹೇಳುತ್ತ ಹೇಳುತ್ತ ಆ ಮೇಜನ್ನೇ ಮೈದಾನ ಮಾಡಿದಳು. ಅವಳ ಯಂತ್ರಕ್ಕೆ ಕೂರಿಸಿದವಳ ಕಾಲರುಗಳು ಒಂದು ಮೂಗು ಮೇಲೆ, ಒಂದು ಮೂಗು ಕೆಳಗೆ ಬಂದವು. ಸೋಮವಾರ ಹೋಗಬೇಕಿದ್ದ ಮಾಲು ಹೊರಡಲೇ ಇಲ್ಲ. ಭಾನುವಾರದ ಬಾಕಿ ಸೇರಿ, ಮಂಗಳವಾರ ಸಂಜೆಗೆ ಸೊಟ್ಟ ಅಂಗಿಗಳು ಎದೆಮಟ್ಟ ಪೇರಿದವು. ಬುಧವಾರ ಬೆಳಿಗ್ಗೆ ಸೂಪರ್‌ವೈಸರ್ ದಾರದ ಮೇಜಿನ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ.

"ಅಕ್ಕಾ, ಮ್ಯಾನೇಜರ್ ಕರೀತಿದಾರೆ. ಯಂತ್ರಕ್ಕೆ ಬನ್ನಿ."

ಗೋಲಕ್ಕ ಕತ್ತರಿ ಕೆಳಗಿಡಲಿಲ್ಲ. "ಬರ್ತೀನಿ. ಮೊದಲು ಬಾಯಿ ತೆಗಿ."

"ಏನು?"

"ಬಾಯಿ ತೆಗಿಯಪ್ಪ. ಭಾನುವಾರ ಕೀಳಿಸ್ಕೊಂಡೆಯಲ್ಲ, ಯಾವ ಹಲ್ಲು ನೋಡೋಣ."

ಲೈನಿನ ನಲವತ್ತು ತಲೆಗಳೂ ಇತ್ತ ತಿರುಗಿದವು. ಸೂಪರ್‌ವೈಸರ್ ಬಾಯಿ ಬಿಗಿಯಾಗಿ ಮುಚ್ಚಿಕೊಂಡೇ ನಕ್ಕ. ಗೋಲಕ್ಕ ಕತ್ತರಿಯನ್ನು ಅವನ ಕೈಗೆ ಕೊಟ್ಟು, ತನ್ನ ಯಂತ್ರದ ಕಡೆ ನಡೆದಳು.

"ಮುಂದಿನ ವರ್ಷ ನಿಜಾನೇ ಬರಿ" ಎಂದಳು ತಿರುಗಿ ನೋಡದೆ. "ಕೆಂಪು ಅಂಗಿಯವರ ಆಟ ನೋಡೋಕೆ ಅಂತ. ಅದೂ ಒಂದು ಕಾಯಿಲೆ, ಮಂಜೂರು ಮಾಡ್ತಾರೆ."